ಹಳೆ ಟಾಟಾ ಎಸ್ಟೇಟ್ ಮತ್ತೆ ರಸ್ತೆಗೆ: ಬಿಚ್ಚುವ ಮುಂಚೆ ಪಾರ್ಟ್ಸ್ ಹುಡುಕಿ

ಮೈಸೂರು, ಮಂಡ್ಯ ಕಡೆ ಟಾಟಾದ ಹಳೆ ಎಸ್ಟೇಟ್ (ಹಿಂದೆ ಉದ್ದನೆಯ ಲಗೇಜ್ ಜಾಗ ಇರುವ ವ್ಯಾಗನ್ ಕಾರು) ರೆಡಿ ಮಾಡಲು ಹೊರಟವರು ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಗಾಡಿ ಮನೆಗೆ ಬಂದ ಮೊದಲ ಭಾನುವಾರವೇ ಸ್ಪ್ಯಾನರ್ ಹಿಡಿದು ಸೀಟು, ಬಂಪರ್, ಲ್ಯಾಂಪು, ಬೀಡಿಂಗ್ (ಗ್ಲಾಸು, ಡೋರಿನ ಸುತ್ತಲಿನ ರಬ್ಬರ್ ಪಟ್ಟಿ) ಎಲ್ಲ ಬಿಚ್ಚುತ್ತಾರೆ. ಬಾಡಿ ತಗಡಿನ ಕೆಲಸ ಮಾಡುವ ಟಿಂಕರ್ ಹತ್ತಿರ ಹೋಗುತ್ತದೆ. ಎಂಟು ತಿಂಗಳಾದ ಮೇಲೆ ಹೊಸ ಪೇಂಟ್ ಹೊಡೆದ ಬಾಡಿ ಒಂದು ಕಡೆ, ಗೋಣಿಚೀಲದಲ್ಲಿ ನಟ್ಟು ಬೋಲ್ಟು ಇನ್ನೊಂದು ಕಡೆ. ಹಿಂದಿನ ಗ್ಲಾಸಿನ ಬೀಡಿಂಗ್ ಎಲ್ಲೂ ಸಿಗುವುದಿಲ್ಲ. ಹಳೆಯದನ್ನು ಯಾರೋ ಕಸಕ್ಕೆ ಹಾಕಿರುತ್ತಾರೆ. ಗಾಡಿ ಅಲ್ಲೇ ನಿಲ್ಲುತ್ತದೆ.

ನನ್ನದು 1996ರ ಗಾಡಿ. ಮದ್ದೂರಿನ ಹತ್ತಿರ ತೆಂಗಿನ ತೋಟದ ಶೆಡ್ಡಿನಲ್ಲಿ ಏಳು ವರ್ಷ ನಿಂತಿತ್ತು. ಅದನ್ನು ಸರಿ ಮಾಡುವಾಗ ಕೆಲಸದ ಕ್ರಮ ತಪ್ಪಿ ಅನುಭವಿಸಿದ ತೊಂದರೆ ಈ ಬರಹದಲ್ಲಿದೆ. ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಪ್ರತಿ ಹಂತವೂ ಅದರ ಹಿಂದಿನದರ ಮೇಲೆ ನಿಂತಿದೆ.

## ಹಂತ 1: ಮೊದಲು ಆರ್‌ಸಿ, ಆಮೇಲೆ ಸ್ಪ್ಯಾನರ್

ದುಡ್ಡು ಕೊಡುವ ಮುಂಚೆ ಆರ್‌ಸಿ (ಗಾಡಿಯ ನೋಂದಣಿ ಪತ್ರ) ಕೈಗೆ ತೆಗೆದುಕೊಳ್ಳಿ. ಅದರಲ್ಲಿರುವ ಚಾಸಿಸ್ ನಂಬರು, ಇಂಜಿನ್ ನಂಬರು ಗಾಡಿಯಲ್ಲಿರುವುದಕ್ಕೆ ಸರಿಹೊಂದುತ್ತವಾ ನೋಡಿ. ನಂಬರ್ ಹೊಡೆದಿರುವ ಜಾಗವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು, ಪೆನ್ಸಿಲ್ಲಿನಿಂದ ಉಜ್ಜಿ ಪ್ರಿಂಟ್ ತೆಗೆಯಿರಿ. ಒಂದು ಅಕ್ಷರ ಮಸುಕಾಗಿದ್ದರೂ ಈಗಲೇ ಗೊತ್ತಾಗಬೇಕು. ಟಿಂಕರ್ ಕೆಲಸ ಶುರುವಾಗುವ ದಿನ ಆ ಜಾಗಕ್ಕೆ ಮಾಸ್ಕಿಂಗ್ ಟೇಪ್ ಹಾಕಿ, "ಇಲ್ಲಿ ಗ್ರೈಂಡರ್ ಬೇಡ" ಎಂದು ಮಾರ್ಕರಿನಲ್ಲಿ ಬರೆಯಿರಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಎಸ್ಟೇಟ್ 1992ರಲ್ಲಿ ಬಂದು 2000ರ ಹೊತ್ತಿಗೆ ನಿಂತ ಗಾಡಿ. ಅಂದರೆ ಈಗ ಸಿಗುವ ಪ್ರತಿಯೊಂದೂ ಆ ಗೆರೆ ದಾಟಿದೆ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಗಾಡಿಗೆ ಆಮೇಲೆ ಇನ್ನೂ ಜಾಸ್ತಿಯಾಗಿದೆ. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ದಂಡ ಬೇರೆ. ರಾಜ್ಯದ ಹಸಿರು ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಇವೆಲ್ಲ ಸೇರಿ ಎಷ್ಟಾಗುತ್ತದೆ ಎಂದು ಸರ್ಕಾರದ ಪರಿವಾಹನ್ ಪೋರ್ಟಲ್‌ನಲ್ಲಿ ನೋಡಿಕೊಂಡು, ಆಮೇಲೆ ಗಾಡಿಯ ಬೆಲೆ ಮಾತಾಡಿ.

ಹಳ್ಳಿ ಕಡೆ ಸಿಗುವ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಆರ್‌ಸಿ ತೀರಿಹೋದ ಅಪ್ಪನ ಹೆಸರಲ್ಲೋ ತಾತನ ಹೆಸರಲ್ಲೋ ಇರುತ್ತದೆ. "ನಮ್ಮಪ್ಪಂದೇ ಅಲ್ವಾ, ತಗೊಂಡೋಗಿ ಅಣ್ಣ" ಎಂದು ಪ್ರೀತಿಯಿಂದ ಕೊಡುತ್ತಾರೆ. ಹಾಗೆ ತರಬೇಡಿ. ಮೊದಲು ವಾರಸುದಾರರು ಫಾರಂ 31 ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಫಾರಂ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ ಬರಬೇಕು. ಹಳೆ ಬ್ಯಾಂಕ್ ಸಾಲದ ನಮೂದು ಉಳಿದಿದ್ದರೆ ಫಾರಂ 35 ಬೇಕು. ಮಂಡ್ಯದ ಕೆಎ-11, ನಾಗಮಂಗಲದ ಕೆಎ-54, ಮೈಸೂರಿನ ಕೆಎ-09 ಮತ್ತು ಕೆಎ-55, ಯಾವ ಆಫೀಸಿನ ಗಾಡಿಯೋ ಅಲ್ಲಿಗೇ ಹೋಗಿ ಹಳೆ ದಾಖಲೆ ಕಂಪ್ಯೂಟರಿಗೆ ಏರಿದೆಯಾ ಎಂದು ಕೇಳಿ. ಏರಿಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿಗೆ ದಿನ ಹಿಡಿಯುತ್ತದೆ. ಈ ಕೆಲಸ ಗಾಡಿ ರೆಡಿಯಾಗುವಷ್ಟರಲ್ಲಿ ಪಕ್ಕದಲ್ಲೇ ನಡೆಯುತ್ತಿರಲಿ.

ವಿಂಟೇಜ್ ನೋಂದಣಿ ಮಾಡಿಸಿದರೆ ಆಗಲ್ವಾ ಎಂದು ಕೆಲವರು ಕೇಳುತ್ತಾರೆ. 2021ರ ನಿಯಮದ ಪ್ರಕಾರ ಅದಕ್ಕೆ ಗಾಡಿಗೆ 50 ವರ್ಷ ತುಂಬಿರಬೇಕು. ಎಸ್ಟೇಟ್‌ಗೆ ಆ ದಾರಿ ಇಲ್ಲ.

## ಹಂತ 2: ಏನಿದೆ, ಏನಿಲ್ಲ ಎಂದು ಬರೆದುಕೊಳ್ಳಿ

ಗಾಡಿ ಪೂರ್ತಿ ಇರುವಾಗಲೇ ಫೋಟೋ ತೆಗೆಯಿರಿ. ಸುಮ್ನೆ ಸುತ್ತ ನಿಂತು ನಾಲ್ಕು ಫೋಟೋ ತೆಗೆದರೆ ಸಾಲದು. ಪ್ರತಿ ಬೀಡಿಂಗ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಯಾವ ಕ್ಲಿಪ್ ಎಲ್ಲಿ ಕೂತಿದೆ, ವೈರು ಯಾವ ತೂತಿನಿಂದ ಹೋಗಿದೆ, ಇವೆಲ್ಲ ಹತ್ತಿರದಿಂದ ಬೇಕು. ನಾನು 340 ಫೋಟೋ ತೆಗೆದಿದ್ದೆ. ಜೋಡಿಸುವಾಗ ಅವೂ ಸಾಲಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಹಿಡಿದು ಗಾಡಿಯ ಎಲ್ಲ ಸಾಮಾನನ್ನು ಮೂರು ಗುಂಪು ಮಾಡಿ.

ಮೊದಲನೆಯದು ಇವತ್ತಿಗೂ ಸಿಗುವಂಥವು. ಎಸ್ಟೇಟಿನ ಇಂಜಿನ್ 483 ಡಿಎಲ್. ಹೆಸರಿನಲ್ಲೇ ಲೆಕ್ಕ ಇದೆ: ನಾಲ್ಕು ಸಿಲಿಂಡರು, 83 ಮಿಲಿಮೀಟರ್ ಬೋರು. ಒಟ್ಟು 1948 ಸಿಸಿ. ಇದೇ ಇಂಜಿನ್ ಟಾಟಾದ್ದೇ ಆದ ಸಿಯೆರಾ ಕಾರಿನಲ್ಲಿ, ಟಾಟಾ ಮೊಬೈಲ್ 206 ಪಿಕಪ್ಪಿನಲ್ಲಿ, 1994ರಲ್ಲಿ ಬಂದ ಮೊದಮೊದಲ ಸುಮೋದಲ್ಲಿ ಓಡಿದೆ. ನಮ್ಮ ಕಡೆ ಸುಮೋ ಎಷ್ಟು ಓಡಿದೆ ಎಂದು ನಿಮಗೇ ಗೊತ್ತು. ಹಾಗಾಗಿ ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್, ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒಳಗೆ ಬಿಸಿ ಮಾಡುವುದು), ಕ್ಲಚ್ ಪ್ಲೇಟಿಗೆ ಈಗಲೇ ಗಾಬರಿಯಾಗಬೇಡಿ.

ಎರಡನೆಯದು ಮಾಡಿಸಬಹುದಾದವು. ಸೀಟು ಬಟ್ಟೆ, ಕಾರ್ಪೆಟ್, ಸೈಲೆನ್ಸರ್ ಪೈಪು, ರೇಡಿಯೇಟರ್ ಕೋರು, ಬ್ರೇಕ್ ಪೈಪು, ಲೇತಿನಲ್ಲಿ ತಿರುಗಿಸುವ ಬುಷ್‌ಗಳು.

ಮೂರನೆಯ ಗುಂಪೇ ಗಾಡಿಯ ಹಣೆಬರಹ. ಹಿಂದಿನ ಬಾಗಿಲಿನಿಂದ ಆಚೆಗೆ ಏನೇನಿದೆಯೋ ಅದೆಲ್ಲ ಇಲ್ಲಿ ಬರುತ್ತದೆ ಎಂದುಕೊಳ್ಳಿ. ಲಗೇಜ್ ಜಾಗದ ಉದ್ದನೆಯ ಸೈಡ್ ಗ್ಲಾಸು, ಡಿಕ್ಕಿ ಡೋರು, ಅದರ ಗ್ಲಾಸು, ಸುತ್ತಲಿನ ಬೀಡಿಂಗು, ಟೈಲ್ ಲ್ಯಾಂಪು, ಒಳಗಿನ ಪ್ಲಾಸ್ಟಿಕ್ ಪ್ಯಾನೆಲ್. ಸುಮೋದಿಂದ ಇದು ಯಾವುದೂ ಬರುವುದಿಲ್ಲ. ಗಾಡಿ ಕೊಳ್ಳುವ ಮುಂಚೆ ಇಂಜಿನ್ ಶಬ್ದ ಕೇಳುವುದಕ್ಕಿಂತ ಜಾಸ್ತಿ ಹೊತ್ತು ಹಿಂಭಾಗದಲ್ಲಿ ಕಳೆಯಿರಿ. ಇಂಜಿನ್ ಸೀಜ್ ಆಗಿದ್ದು ಹಿಂದಿನ ಗ್ಲಾಸು, ಲ್ಯಾಂಪು ಪೂರ್ತಿ ಇರುವ ಗಾಡಿ ಒಂದು, ಇಂಜಿನ್ ಚೆನ್ನಾಗಿದ್ದು ಗ್ಲಾಸು ಒಡೆದಿರುವುದು ಇನ್ನೊಂದು ಸಿಕ್ಕರೆ ನಾನು ಕಣ್ಣು ಮುಚ್ಚಿ ಮೊದಲನೆಯದನ್ನೇ ತೆಗೆದುಕೊಳ್ಳುತ್ತೇನೆ.

ಸೈಡ್ ಗ್ಲಾಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮುಂದಿನ ವಿಂಡ್‌ಶೀಲ್ಡಿನಲ್ಲಿ ಎರಡು ಗಾಜಿನ ನಡುವೆ ಒಂದು ಪದರ ಇರುತ್ತದೆ. ಅದನ್ನು ಅಳತೆಗೆ ಮಾಡಿಸಲು ದಾರಿ ಇದೆ. ಸೈಡ್ ಗ್ಲಾಸು ಟಫನ್ಡ್. ಒಮ್ಮೆ ಹದ ಮಾಡಿದ ಮೇಲೆ ಕತ್ತರಿಸಿದರೆ ಪುಡಿ ಪುಡಿ. "ಬೇರೆ ಗಾಡೀದು ಕಟ್ ಮಾಡಿ ಕೂರಿಸ್ತೀನಿ ಸಾರ್" ಎಂದು ಯಾರಾದರೂ ಹೇಳಿದರೆ ಅವರ ಕೈಗೆ ಗಾಡಿ ಕೊಡಬೇಡಿ. ಹೊಸದಾಗಿ ಮಾಡಿಸಬೇಕೆಂದರೆ ನಿಮ್ಮ ಹಳೆ ಗ್ಲಾಸನ್ನೇ ಅಚ್ಚಾಗಿ ಇಟ್ಟು, ಕತ್ತರಿಸಿ, ಬಾಗಿಸಿ, ಆಮೇಲೆ ಹದ ಮಾಡಬೇಕು. ಹಳೆಯದು ಪೂರ್ತಿ ಇದ್ದರೆ ಮಾತ್ರ ಇದು ಆಗುವ ಕೆಲಸ.

## ಹಂತ 3: ಪಾರ್ಟ್ಸ್ ಹುಡುಕಾಟ

ಮೂರನೆಯ ಗುಂಪಿನ ಪಟ್ಟಿಯಿಂದ ಶುರು ಮಾಡಿ. ಅದರಲ್ಲಿ ಬೇಕಾದ್ದು ಕೈಗೆ ಬರುವವರೆಗೆ ಗಾಡಿಯನ್ನು ಬಿಚ್ಚಬೇಡಿ. ಇದು ಬೇಜಾರಿನ ಕಾಯುವಿಕೆ, ನನಗೂ ಗೊತ್ತು. ಕೈ ಸುಮ್ಮನಿರುವುದಿಲ್ಲ. ಆ ಸಮಯವನ್ನು ಹಂತ 4ರ ಇಂಜಿನ್ ಕೆಲಸಕ್ಕೆ ಬಳಸಿ.

ಎಲ್ಲಿ ಹುಡುಕಬೇಕು? ಮೊದಲು ಊರಲ್ಲೇ. ಮೈಸೂರು, ಮಂಡ್ಯದಲ್ಲಿ ಟ್ಯಾಕ್ಸಿ ಸುಮೋ ನೋಡಿಕೊಂಡು ವಯಸ್ಸಾದ ಮೆಕ್ಯಾನಿಕ್‌ಗಳಿದ್ದಾರೆ. ಅವರ ಗ್ಯಾರೇಜಿನ ಅಟ್ಟದ ಮೇಲೆ ಇಪ್ಪತ್ತು ವರ್ಷದಿಂದ ಯಾರೂ ಕೇಳದ ಡಬ್ಬಗಳಿರುತ್ತವೆ. ಫೋನ್ ಮಾಡಿದರೆ "ಇಲ್ಲ" ಎನ್ನುತ್ತಾರೆ. ಹೋಗಿ, ಒಂದು ಟೀ ಕುಡಿದು, ಹಳೆ ಪಾರ್ಟು ಕೈಗೆ ಕೊಟ್ಟು ಕೇಳಿ. ನನ್ನ ಡಿಕ್ಕಿ ಲಾಕು ಸಿಕ್ಕಿದ್ದು ಹೀಗೆ.

ಅದಾದ ಮೇಲೆ ಬೆಂಗಳೂರಿನ ಜೆಸಿ ರಸ್ತೆ. ಅಲ್ಲಿ ಹೊಸ ಮಾಲಿನ ಹಳೆ ಸ್ಟಾಕ್ ಸಿಗುವ ಅಂಗಡಿಗಳಿವೆ. ಬಿಚ್ಚಿದ ಸಾಮಾನಿಗೆ ಶಿವಾಜಿನಗರದ ಗುಜರಿ. ಅಲ್ಲೂ ಸಿಗದಿದ್ದರೆ ಕೊಯಮತ್ತೂರಿನ ಉಕ್ಕಡಂ, ಚೆನ್ನೈನ ಪುದುಪೇಟೆ. ಮೈಸೂರಿನವರಿಗೆ ಚಾಮರಾಜನಗರ, ಸತ್ಯಮಂಗಲದ ಮೇಲೆ ಉಕ್ಕಡಂ ಬೆಳಿಗ್ಗೆ ಹೋಗಿ ರಾತ್ರಿ ಬರುವಷ್ಟು ದೂರ. ದಿಂಬಂ ಘಾಟಿನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ಹೊತ್ತು ನೋಡಿಕೊಂಡು ಹೊರಡಿ.

ಎಲ್ಲಿಗೆ ಹೋದರೂ ಹಳೆ ಪಾರ್ಟನ್ನೇ ಒಯ್ಯಿರಿ. ಬಿಚ್ಚಲು ಆಗದ್ದಕ್ಕೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. "ಎಸ್ಟೇಟ್‌ಗೆ ಬೇಕು" ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಅಂಗಡಿಯವರು ತಲೆಯಾಡಿಸುತ್ತಾರೆ. "ಸಿಯೆರಾದು ಇದೆಯಾ, 206ದು ಇದೆಯಾ" ಎಂದು ಕೇಳಿ. ಎಸ್ಟೇಟಿನ ಮೂತಿ ಕಡೆಯ ಎಷ್ಟೋ ಸಾಮಾನು ಅವೆರಡಕ್ಕೆ ಹತ್ತಿರ. ಆದರೆ ಬೋಲ್ಟಿನ ತೂತು ಅಳೆಯದೆ ದುಡ್ಡು ಕೊಡಬೇಡಿ.

ಕಂಪನಿ ಮಾಲು ಗುರುತಿಸುವುದು. ಜೆಸಿ ರಸ್ತೆಯ ಅಂಗಡಿಯೊಂದರಲ್ಲಿ ವಯಸ್ಸಾದ ಭಾಯ್ ಒಬ್ಬರು ನನ್ನ ಹಳೆ ಪಾರ್ಟನ್ನು ಹೆಬ್ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು, "ಟೆಲ್ಕೋ ಟೈಮ್‌ದು ಸಾರ್ ಇದು" ಎಂದರು. ಅವರು ಓದಿದ್ದು ಅದರ ಮೇಲಿನ ಅಚ್ಚನ್ನು. ಟೆಲ್ಕೋ ಎನ್ನುತ್ತಿದ್ದ ಕಂಪನಿಗೆ ಟಾಟಾ ಮೋಟಾರ್ಸ್ ಎಂಬ ಹೆಸರು ಬಂದದ್ದು 2003ರಲ್ಲಿ. ಎಸ್ಟೇಟ್ ಅಷ್ಟರಲ್ಲಿ ನಿಂತುಹೋಗಿತ್ತು. ಹಾಗಾಗಿ ಗಾಡಿಯ ಜೊತೆ ಬಂದ ಸಾಮಾನಿನ ಮೇಲೆ ಟೆಲ್ಕೋ ಗುರುತು ಇರಬಹುದೇ ಹೊರತು ಟಾಟಾ ಮೋಟಾರ್ಸ್ ಎಂದು ಇರುವುದಿಲ್ಲ. ಟಾಟಾ ಮೋಟಾರ್ಸ್ ಡಬ್ಬದಲ್ಲಿ ಬಂದದ್ದು ಆಮೇಲೆ ಮಾಡಿದ ಕಂಪನಿ ಸ್ಪೇರು. ಅದೂ ಒಳ್ಳೆಯದೇ. ಹಾಗೆಯೇ ಡೀಸೆಲ್ ಪಂಪು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಮೇಲಿನ ಮೈಕೋ ಹೆಸರು 2008ರಿಂದ ಬಾಷ್ ಆಯಿತು. "1996ರ ಹಳೆ ಸ್ಟಾಕು" ಎಂದು ತೋರಿಸುವ ಡಬ್ಬದ ಮೇಲೆ ಕಂಪನಿ ಹೆಸರು ಬಾಷ್ ಲಿಮಿಟೆಡ್ ಎಂದಿದ್ದರೆ ಆ ಮಾತನ್ನು ನಂಬಬೇಡಿ.

ಡೂಪ್ಲಿಕೇಟ್ ಪಾರ್ಟಿನಲ್ಲಿ ಅಚ್ಚಿನ ಅಕ್ಷರ ಆಳ ಇರುವುದಿಲ್ಲ, ಅಂಚು ಚೂಪಾಗಿರುವುದಿಲ್ಲ. ತೂಕ ಕಮ್ಮಿ. ಹಳೆಯದನ್ನು ಒಂದು ಕೈಯಲ್ಲಿ, ಹೊಸದನ್ನು ಇನ್ನೊಂದು ಕೈಯಲ್ಲಿ ಹಿಡಿದರೆ ಎಷ್ಟೋ ಸಲ ಅಷ್ಟರಲ್ಲೇ ಗೊತ್ತಾಗುತ್ತದೆ.

ಹಳೆ ಸ್ಟಾಕಿನಲ್ಲಿ ಯಾವುದು ಬೇಡ? ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಪ್ಯಾಕೆಟ್ ಒಡೆಯದ ಕಂಪನಿ ಮಾಲು ಎಂದರೆ ಕಣ್ಣು ಅರಳುತ್ತದೆ. ಲೋಹ, ಗಾಜು, ಲ್ಯಾಂಪಿನ ಲೆನ್ಸ್ ಆದರೆ ಸಂತೋಷವಾಗಿ ತೆಗೆದುಕೊಳ್ಳಿ. ರಬ್ಬರ್ ಆದರೆ ಬೇಡ. ಡಬ್ಬದಲ್ಲಿ ಕೂತೇ ರಬ್ಬರಿಗೆ ವಯಸ್ಸಾಗುತ್ತದೆ. 25 ವರ್ಷದ ಬ್ರೇಕ್ ಕಿಟ್ಟು, ರಬ್ಬರ್ ಹೋಸು, ಇಂಜಿನ್ ಬೆಲ್ಟು ಎಷ್ಟೇ ಒರಿಜಿನಲ್ ಆಗಿರಲಿ, ಗಾಡಿಗೆ ಹಾಕಬೇಡಿ. ಇವುಗಳಿಗೆ ಹೊಸದಾಗಿ ತಯಾರಾದ, ಒಳ್ಳೆ ಹೆಸರಿನ ಮಾಲೇ ಸರಿ.

ಬೀಡಿಂಗ್ ಸಿಗದಿದ್ದರೆ ಹಳೆಯದರಿಂದ ನಾಲ್ಕು ಇಂಚು ತುಂಡು ಕತ್ತರಿಸಿ ಒಯ್ಯಿರಿ. ಅಡ್ಡ ಕೊಯ್ದಾಗ ಕಾಣುವ ಆಕಾರ ಮುಖ್ಯ. ತಗಡಿನ ಅಂಚನ್ನು ಕಚ್ಚುವ ಬಾಯಿ ಎಷ್ಟು ಅಗಲ, ಮೇಲಿನ ಗುಳ್ಳೆ ಎಷ್ಟು ಎತ್ತರ, ಎರಡನ್ನೂ ಅಳೆಯಿರಿ. ಗುಳ್ಳೆ ಎರಡು ಮಿಲಿಮೀಟರ್ ದಪ್ಪವಾದರೂ ಡಿಕ್ಕಿ ಡೋರು ಮುಚ್ಚಲು ಗುದ್ದಬೇಕಾಗುತ್ತದೆ. ತೆಳುವಾದರೆ ಹೊಗೆ, ನೀರು ಒಳಗೆ ಬರುತ್ತದೆ.

ಎಚ್ಚರಿಕೆಯ ಗುರುತುಗಳು. ಬಿಲ್ ಕೊಡಲು ಒಪ್ಪದ ಅಂಗಡಿಯಿಂದ ಇಂಜಿನ್ ಬ್ಲಾಕಿನಂಥ ನಂಬರ್ ಇರುವ ಸಾಮಾನು ಬೇಡವೇ ಬೇಡ. ಕದ್ದ ಮಾಲಾದರೆ ಕೇಸು ನಿಮ್ಮ ತಲೆಗೆ. ಬೇರೆ ಇಂಜಿನ್ ಕೂರಿಸಿದರೆ ಅದು ಆರ್‌ಸಿಯಲ್ಲಿ ಏರಬೇಕು ಎಂಬುದೂ ನೆನಪಿರಲಿ. ದೂರದ ಊರಿನಿಂದ ತರಿಸುವಾಗ, ಆ ದಿನದ ತಾರೀಖು ಬರೆದ ಚೀಟಿ ಪಾರ್ಟಿನ ಪಕ್ಕ ಇಟ್ಟು ವಿಡಿಯೋ ಕಳಿಸಲು ಹೇಳಿ. ಹಳೆ ಫೋಟೋ ತೋರಿಸಿ ಅಡ್ವಾನ್ಸ್ ಕೇಳುವವರು ಇಲ್ಲೇ ಬಿದ್ದುಹೋಗುತ್ತಾರೆ.

ಪಾರ್ಟ್ಸ್‌ಗೋಸ್ಕರವೇ ಇನ್ನೊಂದು ಎಸ್ಟೇಟ್ ಕೊಳ್ಳುವುದು ಹುಚ್ಚು ಎಂದು ಮನೆಯಲ್ಲಿ ಹೇಳುತ್ತಾರೆ. ಹಿಂಭಾಗ ಪೂರ್ತಿ ಇರುವುದು ಸಿಕ್ಕರೆ ಅದೇ ಅಗ್ಗ. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಇನ್ನೊಬ್ಬ ಎಸ್ಟೇಟಿನವರಿಗೆ ಕೊಡಬಹುದು. ಬಾಡಿಯನ್ನು ಗುಜರಿಗೆ ಹಾಕುವ ಮುಂಚೆ ಅದರ ನೋಂದಣಿ ರದ್ದು ಮಾಡಿಸಿ.

## ಹಂತ 4: ನಿಂತ ಇಂಜಿನ್ ಎಬ್ಬಿಸುವುದು

ಬೇಕಾದ ಸಾಮಾನು: ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್, ಟಾರ್ಕ್ ರೆಂಚ್, ಫೀಲರ್ ಗೇಜ್, ಮಲ್ಟಿಮೀಟರ್, ಟ್ರಾಲಿ ಜಾಕ್, ನಾಲ್ಕು ಸ್ಟ್ಯಾಂಡ್, ಬೆಂಕಿ ಆರಿಸುವ ಸಿಲಿಂಡರ್. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು, ಒಂದು ನಿಮಿಷಕ್ಕೂ.

ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುವುದು ಎಲ್ಲರೂ ಮಾಡುವ ಮೊದಲ ತಪ್ಪು. ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ರಿಂಗುಗಳು ಸಿಲಿಂಡರಿಗೆ ಅಂಟಿರಬಹುದು, ಟೈಮಿಂಗ್ ಬೆಲ್ಟು ಬಿರುಕು ಬಿಟ್ಟಿರಬಹುದು. ಡೀಸೆಲ್ ಇಂಜಿನ್ನಿನಲ್ಲಿ ಬೆಲ್ಟು ತುಂಡಾದರೆ ಪಿಸ್ಟನ್ನು ವಾಲ್ವಿಗೆ ಹೊಡೆಯುತ್ತದೆ. ಐದು ಸೆಕೆಂಡಿನ ಆತುರಕ್ಕೆ ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಇಂಜಿನ್ನಿನ ಭಾಗ) ಬಿಚ್ಚುವ ಕೆಲಸ ಬರುತ್ತದೆ.

ಕ್ರಮ ಹೀಗಿರಲಿ. ಹೀಟರ್ ಪ್ಲಗ್ ನಾಲ್ಕನ್ನೂ ಬಿಚ್ಚಿ. ಪ್ರತಿ ಸಿಲಿಂಡರಿಗೆ ಎರಡು ಚಮಚದಷ್ಟು ತೆಳು ಇಂಜಿನ್ ಆಯಿಲ್ ಬಿಡಿ. ಎರಡು ದಿನ ಹಾಗೇ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಇಂಜಿನ್ ತಿರುಗುವ ದಿಕ್ಕಿಗೇ, ಕೈಯಿಂದ ಮೆಲ್ಲಗೆ ತಿರುಗಿಸಿ. ಎರಡು ಪೂರ್ತಿ ಸುತ್ತು ಬರಬೇಕು. ಗಟ್ಟಿಯಾಗಿ ತಡೆದರೆ ಪೈಪ್ ಹಾಕಿ ಎಳೆಯಬೇಡಿ. ಮತ್ತೆ ಆಯಿಲ್ ಬಿಟ್ಟು ಕಾಯಿರಿ.

ಸುಲಭವಾಗಿ ತಿರುಗಿದ ಮೇಲೆ ಟೈಮಿಂಗ್ ಬೆಲ್ಟು, ಟೆನ್ಷನರ್, ವಾಟರ್ ಪಂಪು ಒಟ್ಟಿಗೆ ಬದಲಿಸಿ. ಆಯಿಲ್, ಫಿಲ್ಟರ್ ಬದಲಿಸಿ. ಇವಾದ ಮೇಲೆ ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಲೈಟು ಆರುತ್ತದಾ ನೋಡಿ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆದು ಬರೆದಿಡಿ. ಒಂದು ಸಿಲಿಂಡರ್ ಮಾತ್ರ ಬಹಳ ಕೆಳಗಿದ್ದರೆ ಈಗಲೇ ಹೆಡ್ ಬಿಚ್ಚುವುದು ಒಳ್ಳೆಯದು.

ಡೀಸೆಲ್ ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ಹಳೆ ಡೀಸೆಲ್ಲಿನ ತಳದಲ್ಲಿ ನೀರು, ಅದರಲ್ಲಿ ಬೆಳೆದ ಕಪ್ಪು ಲೋಳೆ ಇರುತ್ತದೆ. ನನ್ನ ಟ್ಯಾಂಕಿನಿಂದ ಬಂದದ್ದು ಆಲೆಮನೆ ಕೊಪ್ಪರಿಗೆಯ ತಳದ ಮಡ್ಡಿಯ ಹಾಗಿತ್ತು. ಅದು ಪಂಪಿಗೆ ಹೋದರೆ ಪಂಪು, ನಾಝಲ್ ಎರಡೂ ಹೋದವು. ರಬ್ಬರ್ ಪೈಪು, ಫಿಲ್ಟರ್ ಹೊಸದು ಹಾಕಿ, ಏರ್ ತೆಗೆದು, ಆಮೇಲೆ ಸ್ಟಾರ್ಟ್ ಮಾಡಿ. ಪಂಪಿನ ಕೆಲಸವನ್ನು ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿಗೇ ಕೊಡಿ. ಮನೆಯಲ್ಲಿ ಅದನ್ನು ಬಿಚ್ಚಬೇಡಿ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ. ಮಂಡ್ಯ ಕಡೆ ನೀರು ಎಷ್ಟು ಗಡಸು ಎಂದು ಮನೆಯ ಗೀಸರ್ ನೋಡಿದರೆ ಗೊತ್ತಾಗುತ್ತದೆ. ಅದೇ ಸುಣ್ಣ ಇಂಜಿನ್ ಒಳಗೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಅರ್ಧ ಅರ್ಧ.

ಸ್ಟಾರ್ಟ್ ಆದ ಮೇಲೆ ಹೊಗೆಯ ಬಣ್ಣ ನೋಡಿ. ಬಿಳಿ ಹೊಗೆ ಇಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಕೂಲೆಂಟ್ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ದಟ್ಟ ಕಪ್ಪು ಬಂದರೆ ನಾಝಲ್ ಅಥವಾ ಏರ್ ಫಿಲ್ಟರ್.

## ಹಂತ 5: ಬ್ರೇಕು, ಚಕ್ರ

ಇಲ್ಲಿ ಉಳಿಸಲು ಹೋಗಬೇಡಿ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಎಲ್ಲ ರಬ್ಬರ್ ಹೋಸ್ ಹೊಸದಾಗಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯ ಪೈಪು ಒಳಗಿಂದಲೇ ತುಕ್ಕು ಹಿಡಿದಿರುತ್ತದೆ, ಹೊರಗೆ ಕಾಣುವುದಿಲ್ಲ. ಇಂಜಿನ್ ಓಡುತ್ತಿರುವಾಗಲೂ ಪೆಡಲ್ ಕಲ್ಲಿನ ಹಾಗಿದ್ದರೆ ಬೂಸ್ಟರ್, ವ್ಯಾಕ್ಯೂಮ್ ಪಂಪು, ನಡುವಿನ ಹೋಸು, ಈ ಮೂರನ್ನು ನೋಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರು ಎಷ್ಟೇ ಆಳ ಇದ್ದರೂ ಬಿರುಕು ಬಿಟ್ಟ ಹಳೆ ಟೈರು ಬೇಡ.

## ಹಂತ 6: ತುಕ್ಕು

ಈಗ ಬಿಚ್ಚುವ ಸಮಯ. ಪ್ರತಿ ಪಾರ್ಟು ಬಿಚ್ಚಿದ ಕೂಡಲೇ ಅದರ ಬೋಲ್ಟನ್ನು ಅದೇ ತೂತಿಗೆ ಎರಡು ಸುತ್ತು ಹಾಕಿಡಿ, ಇಲ್ಲವೇ ಜಿಪ್ ಕವರಿಗೆ ಹಾಕಿ ಹೆಸರು ಬರೆಯಿರಿ. ಬಿಚ್ಚಿದ್ದೆಲ್ಲ ನಿಮ್ಮ ಮನೆಯಲ್ಲಿರಲಿ, ಟಿಂಕರ್ ಶೆಡ್ಡಿನಲ್ಲಿ ಬೇಡ. ನನ್ನ ಡಿಕ್ಕಿ ಬೀಡಿಂಗ್ ಒಂದು ಶೆಡ್ಡಿನಲ್ಲಿ ಬಿಟ್ಟು ಬಂದಿದ್ದೆ. ಸ್ವಚ್ಛ ಮಾಡುವಾಗ ಸುಟ್ಟುಬಿಟ್ಟರು. ಅದರ ಜೋಡಿ ಹುಡುಕಲು ಐದು ತಿಂಗಳು ಹೋಯಿತು.

ತುಕ್ಕು ಎಲ್ಲಿರುತ್ತದೆ? ಡಿಕ್ಕಿ ಡೋರಿನ ಕೆಳಅಂಚು, ಲಗೇಜ್ ಜಾಗದ ತಳ, ಹಿಂದಿನ ಚಕ್ರದ ಕಮಾನಿನ ಒಳಮೈ, ಬಾಗಿಲ ಕೆಳಗಿನ ಪಟ್ಟಿ, ಕಾರ್ಪೆಟ್ ಅಡಿಯ ತಳ, ವಿಂಡ್‌ಶೀಲ್ಡಿನ ಕೆಳಮೂಲೆಗಳು, ಬ್ಯಾಟರಿ ತಟ್ಟೆ. ನಮ್ಮ ಕಡೆ ಇನ್ನೊಂದು ಕಾರಣ ಇದೆ. ಈ ಗಾಡಿಯಲ್ಲಿ ಯೂರಿಯಾ ಮೂಟೆ ಸಾಗಿಸಿರುತ್ತಾರೆ, ಕೊಟ್ಟಿಗೆ ಪಕ್ಕ ನಿಲ್ಲಿಸಿರುತ್ತಾರೆ. ಗೊಬ್ಬರದ ಉಪ್ಪು ಸಂದಿಯಲ್ಲಿ ಕೂತು ತೇವ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಕೆಲಸ ಶುರು ಮಾಡುವ ಮುಂಚೆ ಲಗೇಜ್ ತಳವನ್ನು ಸಿಹಿನೀರಿನಿಂದ ಎರಡು ಮೂರು ಸಲ ತೊಳೆದು ಬಿಸಿಲಲ್ಲಿ ಒಣಗಿಸಿ.

ಫ್ರಿಜ್ಜಿಗೆ ಅಂಟಿಸುವ ಸಣ್ಣ ಮ್ಯಾಗ್ನೆಟ್ ತೆಗೆದುಕೊಂಡು ಬಾಡಿ ಮೇಲೆ ಎಳೆಯುತ್ತಾ ಹೋಗಿ. ಜಾರಿ ಬಿದ್ದ ಕಡೆ ಪುಟ್ಟಿ ದಪ್ಪ ಇದೆ. ತಳದಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ. ಟಣ್ ಎಂದರೆ ಲೋಹ. ಮೆತ್ತಗೆ ಕರಕ್ ಎಂದರೆ ಅಲ್ಲಿ ಉಳಿದಿರುವುದು ಪೇಂಟ್ ಮಾತ್ರ.

1. ತುಕ್ಕು ಹಿಡಿದ ಭಾಗವನ್ನು ಒಳ್ಳೆ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಅದರ ಮೇಲೇ ಪ್ಯಾಚ್ ಹಾಕಿದರೆ ನಡುವೆ ತುಕ್ಕು ಬೆಳೆಯುತ್ತಲೇ ಇರುತ್ತದೆ.

2. ಬಾಗಿಲ ಕೆಳಗಿನ ಪಟ್ಟಿ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣ ಕೊಟ್ಟು ಬಿಗಿ ಮಾಡಿಸಿ. ಇಲ್ಲದಿದ್ದರೆ ಬಾಡಿ ಜಗ್ಗಿ, ಆಮೇಲೆ ಬಾಗಿಲು ಕೂರುವುದೇ ಇಲ್ಲ. ಉದ್ದನೆಯ ಛಾವಣಿಯ ಗಾಡಿಗೆ ಈ ಕಷ್ಟ ಜಾಸ್ತಿ.

3. ಪ್ಯಾಚಿಗೆ ಸುಮಾರು 0.9 ಮಿಲಿಮೀಟರ್ ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟ್. ಸಿಓಟು (ಮಿಗ್) ವೆಲ್ಡಿಂಗ್ ಇರುವವರನ್ನು ಹುಡುಕಿ. ಗ್ಯಾಸ್ ವೆಲ್ಡಿಂಗ್ ಶಾಖಕ್ಕೆ ತಗಡು ಅಲೆಅಲೆಯಾಗುತ್ತದೆ. ಚುಕ್ಕೆ ಚುಕ್ಕೆಯಾಗಿ, ಜಾಗ ಬದಲಿಸುತ್ತಾ ವೆಲ್ಡ್ ಮಾಡಬೇಕು. ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರ್ ಬಿಚ್ಚಿರಲಿ, ಡೀಸೆಲ್ ಟ್ಯಾಂಕ್ ಗಾಡಿಯಲ್ಲಿ ಇರಬಾರದು.

4. ಬೋಳು ಲೋಹ ಕಂಡ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. "ನಾಳೆ ಹೊಡಿಯೋಣ ಸಾರ್" ಎಂದರೆ ಆ ದಿನ ಉಜ್ಜುವುದೇ ಬೇಡ ಎನ್ನಿ. ಪುಟ್ಟಿ ಎಪಾಕ್ಸಿಯ ಮೇಲೆ, ತೆಳುವಾಗಿ. ಪುಟ್ಟಿ ತೇವ ಹೀರುತ್ತದೆ, ಬೋಳು ಲೋಹದ ಮೇಲೆ ಹಾಕಿದರೆ ಅಡಿಯಿಂದ ತುಕ್ಕು ಬರುತ್ತದೆ.

5. ಸಂದಿಗಳಿಗೆ ಸೀಮ್ ಸೀಲರ್. ಪೇಂಟ್ ಆದ ಮೇಲೆ ಟೊಳ್ಳು ಭಾಗಗಳ ಒಳಗೆ ವ್ಯಾಕ್ಸ್. ನೀರು ಹೋಗಲು ಇರುವ ತೂತುಗಳು ಮುಚ್ಚಿಹೋಗಬಾರದು.

ಅಡಿಗೆ ಕಪ್ಪು ಕೋಟಿಂಗ್ ಹೊಡೆಸಿ ತುಕ್ಕು ಮುಚ್ಚಿದ ಗಾಡಿ ನೋಡಲು ಹೊಸದರಂತೆ ಇರುತ್ತದೆ. ಕೊಳ್ಳುವಾಗ ಅಂಥ ಅಡಿ ಕಂಡರೆ ಅನುಮಾನಪಡಿ. ಕೋಟಿಂಗ್ ಒಳಗೆ ನೀರು ಸಿಕ್ಕಿ ತುಕ್ಕು ಎರಡರಷ್ಟಾಗಿರುತ್ತದೆ.

## ಹಂತ 7: ವೈರಿಂಗ್

ಶೆಡ್ಡಿನಲ್ಲಿ ನಿಂತ ಗಾಡಿ ಎಂದರೆ ಇಲಿ ಇದ್ದೇ ಇರುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕುವ ಮುಂಚೆ ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಕಚ್ಚಿದ ಜಾಗಕ್ಕೆ ಟೇಪ್ ಸುತ್ತಿ ಬಿಡಬೇಡಿ. ಅದೇ ದಪ್ಪದ, ಅದೇ ಬಣ್ಣದ ವೈರು ಸೇರಿಸಿ ಬೆಸುಗೆ ಹಾಕಿಸಿ.

ವ್ಯಾಗನ್ ಗಾಡಿಗೆಂದೇ ಇರುವ ಒಂದು ಕಾಯಿಲೆ ಇದೆ. ಡಿಕ್ಕಿ ಡೋರಿನ ಕೀಲಿನ ಹತ್ತಿರ ವೈರುಗಳು ರಬ್ಬರ್ ಕೊಳವೆಯೊಳಗೆ ಹೋಗುತ್ತವೆ. ಡೋರು ತೆರೆದು ಮುಚ್ಚಿ ಆ ಬಾಗುವ ಜಾಗದಲ್ಲಿ ತುಂಡಾಗುತ್ತವೆ. ನಂಬರ್ ಪ್ಲೇಟ್ ಲೈಟು ಕೆಲಸ ಮಾಡುತ್ತಿಲ್ಲ, ಪದೇ ಪದೇ ಫ್ಯೂಸ್ ಹೋಗುತ್ತದೆ ಎಂದರೆ ಮೊದಲು ಆ ಕೊಳವೆ ಬಿಚ್ಚಿ ನೋಡಿ. ದೊಡ್ಡ ಫ್ಯೂಸ್ ಹಾಕಬೇಡಿ. ಗಾಡಿಗೆ ಬೆಂಕಿ ಬೀಳುವುದು ಹೀಗೆ.

## ಹಂತ 8: ಮೊದಲು ಕೂರಿಸಿ ನೋಡಿ, ಆಮೇಲೆ ಪೇಂಟ್

ಪ್ರೈಮರ್ ಬಾಡಿಯ ಮೇಲೇ ಎಲ್ಲ ಗ್ಲಾಸು, ಲ್ಯಾಂಪು, ಬೀಡಿಂಗು, ಬಂಪರ್ ಒಮ್ಮೆ ಕೂರಿಸಿ. ಎಲ್ಲಿ ತಗಡು ತಟ್ಟಬೇಕು, ಎಲ್ಲಿ ತೂತು ಸರಿಸಬೇಕು, ಎಲ್ಲ ಆಗಲೇ ಆಗಬೇಕು. ಪೇಂಟ್ ಆದ ಮೇಲೆ ಸುತ್ತಿಗೆ ಎತ್ತಿದರೆ ಆ ದುಡ್ಡು ಹೋಯಿತು.

ಪೇಂಟಿಗೆ ಜನವರಿಯಿಂದ ಮಾರ್ಚ್ ಒಳ್ಳೆ ಕಾಲ. ಮೈಸೂರಿನಲ್ಲಿ ಮೇ ತಿಂಗಳ ಮಳೆ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಗಾಳಿಯ ತೇವಕ್ಕೆ ಪೇಂಟ್ ಮಂಜು ಕಟ್ಟುತ್ತದೆ. ದಸರಾಕ್ಕೆ ಗಾಡಿ ಬೇಕು ಎಂದು ಅವಸರ ಮಾಡುವವರಿಗೆ ಇದೇ ಗತಿ. ಬಣ್ಣ ಆರ್‌ಸಿಯಲ್ಲಿ ಇರುವುದೇ ಆಗಿರಲಿ. ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕು.

## ಹಂತ 9: ಡಿಕ್ಕಿ ಡೋರಿನ ಪರೀಕ್ಷೆ

ಇದನ್ನು ಬಿಟ್ಟುಬಿಡಬೇಡಿ. ವ್ಯಾಗನ್ ಗಾಡಿಯ ಹಿಂದೆ ಓಡುವಾಗ ಗಾಳಿ ಸುಳಿಯುತ್ತದೆ. ಡಿಕ್ಕಿ ಬೀಡಿಂಗ್ ಸರಿಯಾಗಿ ಕೂತಿಲ್ಲದಿದ್ದರೆ ಸೈಲೆನ್ಸರಿನ ಹೊಗೆ ಒಳಗೆ ಎಳೆದುಕೊಳ್ಳುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಹಿಂದೆ ಕೂತ ಮಕ್ಕಳಿಗೆ ತಲೆನೋವು, ವಾಂತಿ ಬಂದರೆ ಬಿಸಿಲಿಗೆ ಎಂದು ಸುಮ್ಮನಾಗಬೇಡಿ.

ಬೀಡಿಂಗಿನ ಮೇಲೆ ಪೂರ್ತಿ ಸೀಮೆಸುಣ್ಣ ಬಳಿಯಿರಿ. ಡೋರು ಒಮ್ಮೆ ಮುಚ್ಚಿ ತೆರೆಯಿರಿ. ಎದುರಿನ ಲೋಹದ ಮೇಲೆ ಬಿಳಿ ಗೆರೆ ಬಿದ್ದಿರುತ್ತದೆ. ಎಲ್ಲಿ ಗೆರೆ ತಪ್ಪಿದೆಯೋ ಅಲ್ಲಿ ಸಂದಿ ಇದೆ. ಲಾಕಿನ ಕೊಕ್ಕೆ ಅಥವಾ ಕೀಲು ಸರಿಸಿ, ಗೆರೆ ಸುತ್ತಲೂ ಒಂದೇ ಸಮ ಬರುವವರೆಗೆ ಮತ್ತೆ ಮಾಡಿ. ಆಮೇಲೆ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಹತ್ತು ನಿಮಿಷ ನೀರು ಬಿಡಲಿ.

## ಹಂತ 10: ಆರ್‌ಟಿಓ, ಆಮೇಲೆ ಬೆಟ್ಟ

ಆರ್‌ಸಿ ಮುಗಿದ ಗಾಡಿಯನ್ನು "ಟ್ರಯಲ್" ಎಂದು ರಸ್ತೆಗೆ ಇಳಿಸಬೇಡಿ. ಮನೆಯಂಗಳದಲ್ಲಿ, ತೋಟದೊಳಗೆ ಓಡಿಸಿ ನೋಡಿ. ಇನ್ಶೂರೆನ್ಸ್ ಮಾಡಿಸಿ, ನವೀಕರಣದ ಅರ್ಜಿ ಹಾಕಿ, ತಪಾಸಣೆಯ ದಿನ ಕ್ಯಾರಿಯರ್ ಗಾಡಿಯ ಮೇಲೆ ಏರಿಸಿಕೊಂಡು ಹೋಗಿ. ಎಲ್ಲ ಲೈಟು, ಹಾರ್ನ್, ವೈಪರ್, ಹ್ಯಾಂಡ್ ಬ್ರೇಕ್ ಕೆಲಸ ಮಾಡಬೇಕು. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್) ಪ್ಲೇಟ್, ಹೊಗೆ ತಪಾಸಣೆ ಚೀಟಿ ಬೇಕು. ಮೊದಲ ಹಂತದಲ್ಲಿ ತೆಗೆದ ಪೆನ್ಸಿಲ್ ಪ್ರಿಂಟನ್ನೂ ಜೊತೆಗೆ ಇಟ್ಟುಕೊಳ್ಳಿ.

ಆರ್‌ಸಿ ಬಂದ ಮೇಲೆ ಮೊದಲ ವಾರ ಊರೊಳಗೇ ಓಡಿಸಿ. ಆಮೇಲೆ ಬೆಳಿಗ್ಗೆ ಬೇಗ ಚಾಮುಂಡಿ ಬೆಟ್ಟ ಹತ್ತಿ. ಹತ್ತುವಾಗ ಟೆಂಪರೇಚರ್ ಮುಳ್ಳು ನೋಡುತ್ತಿರಿ. ನಂದಿಯ ಹತ್ತಿರ ನಿಲ್ಲಿಸಿ, ಬಾನೆಟ್ ಎತ್ತಿ, ಹೋಸುಗಳ ಬುಡದಲ್ಲಿ ತೇವ ಇದೆಯಾ ನೋಡಿ. ಬಿಸಿ ರೇಡಿಯೇಟರಿನ ಮುಚ್ಚಳ ಮಾತ್ರ ತೆಗೆಯಬೇಡಿ. ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ. ಕೆಳಗೆ ಬಂದು ನಾಲ್ಕು ಚಕ್ರದ ಹತ್ತಿರವೂ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

500 ಕಿಲೋಮೀಟರ್ ಆದ ಮೇಲೆ ಇಂಜಿನ್ ಆಯಿಲ್ ಮತ್ತು ಡೀಸೆಲ್ ಫಿಲ್ಟರ್ ಇನ್ನೊಮ್ಮೆ ಬದಲಿಸಿ. ಬಿಚ್ಚಿದ ಡೀಸೆಲ್ ಫಿಲ್ಟರನ್ನು ಬಿಳಿ ಬಟ್ಟೆಯ ಮೇಲೆ ಬಗ್ಗಿಸಿ. ಕಪ್ಪು ಕಣ ಬಿದ್ದರೆ ಟ್ಯಾಂಕ್ ಸರಿಯಾಗಿ ತೊಳೆದಿಲ್ಲ, ಮತ್ತೆ ಇಳಿಸಬೇಕು.